ವೃಷಭಾವತಿ ನೀರಿನಲ್ಲಿ ಇರೋದು ಒಂದೇ ಥರದ ಕೊಳಕಲ್ಲ

ಜೋರು ಮಳೆ ಬಿದ್ದ ಮರುದಿನ ಮೈಸೂರು ರಸ್ತೆ, ಕೆಂಗೇರಿ ಕಡೆಯಿಂದ ಫೋನಿಗೆ ವಿಡಿಯೊ ಬರುತ್ತವೆ. ಕಪ್ಪು ನೀರು, ಮೇಲೆ ಬಿಳಿ ನೊರೆ, ಹಿಂದಿನಿಂದ ಯಾರೋ ‘ನೋಡ್ರೀ ಇದು ನಮ್ಮ ನದಿ’ ಅನ್ನುವ ದನಿ. ನೋಡಿ ಮುಖ ಸಿಂಡರಿಸಿ ಇನ್ನೊಂದು ಗ್ರೂಪಿಗೆ ಕಳಿಸುತ್ತೇವೆ. ಇಷ್ಟು ದಿನ ಅದು ಬೆಂಗಳೂರಿನವರ ತಲೆನೋವು ಅಂತ ಉಳಿದವರು ಸುಮ್ನೆ ಇದ್ದರು. ಈಗ ಹಾಗೆ ಇರೋಕಾಗಲ್ಲ. ವೃಷಭಾವತಿ ಕಣಿವೆಯ ನೀರನ್ನು ಶುದ್ಧೀಕರಿಸಿ ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಏರಿಸುವ ಯೋಜನೆಗೆ ಸರ್ಕಾರ ಕೈ ಹಾಕಿದೆ. ಆ ಊರಿನವರು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ: ಶುದ್ಧ ಮಾಡಿದ ನೀರು ಅಂದಮೇಲೆ ಭಯ ಯಾಕೆ? ಭಯ ಇಲ್ಲ ಅಂದರೆ ಇಷ್ಟು ವಾದ ಯಾಕೆ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳೋದು ಕಷ್ಟ. ‘ಕೊಳಕು ನೀರು’ ಅಂತ ನಾವು ಒಟ್ಟಿಗೆ ಕರೆಯುವುದರಲ್ಲಿ ಬೇರೆ ಬೇರೆ ಜಾತಿಯ ಕೊಳಕು ಸೇರಿಕೊಂಡಿದೆ. ಕೆಲವು ಕೊಳೆಯುತ್ತವೆ. ಕೆಲವು ಗೊಬ್ಬರವಾಗುತ್ತವೆ. ಕೆಲವು ಏನೂ ಆಗದೆ ವರ್ಷಗಟ್ಟಲೆ ಹಾಗೇ ಕೂತಿರುತ್ತವೆ. ಅವು ನದಿಗೆ ಮಾಡುವ ಹಾನಿ ಬೇರೆ ಬೇರೆ, ತೆಗೆಯುವ ದಾರಿಯೂ ಬೇರೆ ಬೇರೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇದು ನದಿನಾ, ಮೋರಿನಾ?

ನದಿಯೇ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅನ್ನೋದು ಹಳೆಯ ನಂಬಿಕೆ, ಹೆಸರು ಬಂದಿದ್ದೂ ಹಾಗೆಯೇ. ಮಲ್ಲೇಶ್ವರದ ಕಡೆಯಿಂದ, ಪೀಣ್ಯದ ಕಡೆಯಿಂದ ಬರುವ ಕವಲುಗಳೂ ಇದಕ್ಕೆ ಸೇರುತ್ತವೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದರ ದಡದಲ್ಲೇ ಇದೆ. ಅಲ್ಲಿಂದ ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಬೀಳುತ್ತದೆ. ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ.

ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಇಲ್ಲಿ ಹುಟ್ಟುವ ಹೊಳೆಗಳು ಸಣ್ಣವು. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಬಡವಾಗುವಂಥವು. ಆದರೆ ಇವತ್ತು ವೃಷಭಾವತಿ ಏಪ್ರಿಲ್‌ನಲ್ಲೂ ಜೋರಾಗಿಯೇ ಹರಿಯುತ್ತದೆ. ಆ ನೀರು ಎಲ್ಲಿಂದ ಬಂತು?

ನಮ್ಮ ನಲ್ಲಿಯಿಂದ. 1974ರಿಂದ ಬೆಂಗಳೂರಿಗೆ ಕಾವೇರಿ ನೀರು ಬರುತ್ತಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಅನ್ನುವುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಸ್ನಾನ, ಪಾತ್ರೆ, ಬಟ್ಟೆ, ಶೌಚ ಎಲ್ಲ ಮುಗಿದ ಮೇಲೆ ಅದು ಇಳಿಜಾರು ಹಿಡಿಯುತ್ತದೆ. ನಗರದ ಪಶ್ಚಿಮ ಭಾಗದ್ದು ವೃಷಭಾವತಿಗೆ ಸೇರಿ, ಅರ್ಕಾವತಿ ಮೂಲಕ ಮತ್ತೆ ಕಾವೇರಿಗೇ ವಾಪಸ್. ಬೆಂಗಳೂರು ನೀರೆತ್ತುವ ಜಾಗಕ್ಕಿಂತ ಕೆಳಗೆ ಸೇರುತ್ತದೆ ಅಷ್ಟೆ.

ಕೊಳಚೆ ಹೋಗಬೇಕಾದದ್ದು ಒಳಚರಂಡಿಯಲ್ಲಿ, ಅಂದರೆ ಜನ ಯುಜಿಡಿ ಅನ್ನುವ ಪೈಪಿನಲ್ಲಿ. ರಾಜಕಾಲುವೆ ಇರೋದು ಮಳೆನೀರಿಗೆ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹೋಗಲಿ ಅಂತ ಹಿಂದಿನವರು ಮಾಡಿಕೊಂಡ ದಾರಿ ಅದು. ಆದರೆ ಕೊಳಚೆ ಪೈಪುಗಳೂ ಇಳಿಜಾರು ಹುಡುಕಿಕೊಂಡು ರಾಜಕಾಲುವೆಯ ಪಕ್ಕದಲ್ಲೇ, ಕೆಲವು ಕಡೆ ಒಳಗೇ ಹಾದುಹೋಗುತ್ತವೆ. ಪೈಪ್ ಕಟ್ಟಿಕೊಂಡರೆ, ಒಡೆದರೆ, ಯಾರೋ ಮನೆಯ ಪೈಪನ್ನು ನೇರವಾಗಿ ಕಾಲುವೆಗೆ ತಿರುಗಿಸಿದರೆ ಎರಡೂ ಒಂದಾಗುತ್ತವೆ. ಹಾಗಾಗಿ ಶುದ್ಧೀಕರಣ ಘಟಕ ಎಷ್ಟೇ ದೊಡ್ಡದು ಕಟ್ಟಿದರೂ, ಅಲ್ಲಿಗೆ ತಲುಪದೆ ಹೊರಗೇ ಹರಿದ ಕೊಳಚೆಗೆ ಅದರಿಂದ ಪ್ರಯೋಜನವಿಲ್ಲ.

ಕೊಳೆಯುವ ಕೊಳಕು: ಉಸಿರು ತೆಗೆಯೋದು ಹೇಗೆ

ಮೊದಲು ಆಮ್ಲಜನಕದ ವಿಷಯ. ಮೀನು, ಏಡಿ, ನೀರಿನ ಹುಳುಗಳು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಅದು ಎಷ್ಟಿರುತ್ತೆ ಗೊತ್ತಾ? ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ಶುದ್ಧ ನೀರಿನಲ್ಲಿ ಹಿಡಿಸುವುದು ಬರೀ 8 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ನೀರಿನ ಜೀವಿಗಳು ಬದುಕುತ್ತಿರುವುದೇ ಇಂಥ ಇಕ್ಕಟ್ಟಿನಲ್ಲಿ. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಮೀನುಗಳಿಗೆ ಕಷ್ಟ ಶುರುವಾಗುತ್ತದೆ.

ಈಗ ಮಲ, ಅನ್ನ-ಸಾರಿನ ಪಾತ್ರೆ ತೊಳೆದ ನೀರು, ಕಸಾಯಿಖಾನೆಯ ರಕ್ತ, ಡೈರಿಯ ತೊಳೆದ ನೀರು ಬಂದು ಸೇರಿತು ಅನ್ನಿ. ಇವು ಯಾವುವೂ ಸ್ವತಃ ವಿಷವಲ್ಲ. ಸೂಕ್ಷ್ಮಜೀವಿಗಳಿಗೆ ಇವೆಲ್ಲ ಊಟ. ಅವು ತಿನ್ನುತ್ತವೆ, ಬೆಳೆಯುತ್ತವೆ, ತಿನ್ನುವಾಗ ಆಮ್ಲಜನಕ ಬಳಸುತ್ತವೆ. ಊಟ ಕಡಿಮೆ ಇದ್ದರೆ ತೊಂದರೆ ಇಲ್ಲ, ಮೇಲಿನ ಗಾಳಿಯಿಂದ ಆಮ್ಲಜನಕ ಮತ್ತೆ ಕರಗುತ್ತದೆ. ಬಂಡೆಗಳ ಮೇಲೆ ಎಗರಿ ಹರಿಯುವ ಹೊಳೆಯಲ್ಲಂತೂ ಬೇಗ ಕರಗುತ್ತದೆ. ನದಿ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಆ ಮಾತು ಈ ಒಂದು ಜಾತಿಯ ಕೊಳಕಿಗೆ ಮಾತ್ರ, ಅದೂ ಒಂದು ಮಿತಿಯವರೆಗೆ.

ಆ ಮಿತಿ ಅಳೆಯೋದಕ್ಕೆ ಇರುವ ಅಳತೆಯೇ ಬಿಒಡಿ. ಪೇಪರಿನಲ್ಲಿ ಈ ಮೂರು ಅಕ್ಷರ ನೋಡಿಯೇ ಇರುತ್ತೀರಿ. ಒಂದು ಲೀಟರ್ ನೀರಿನಲ್ಲಿರುವ ಕೊಳೆಯನ್ನು ತಿನ್ನೋದಕ್ಕೆ ಸೂಕ್ಷ್ಮಜೀವಿಗಳು ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಡುತ್ತವೆ ಅನ್ನುವ ಲೆಕ್ಕ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ರೀತಿ ತುಂಬಾ ಸರಳ. ಮಾದರಿಯನ್ನು ಶುದ್ಧ ನೀರಿನಲ್ಲಿ ತೆಳು ಮಾಡಿ, ಒಂದು ಗುಳ್ಳೆಯೂ ಇಲ್ಲದಂತೆ ಗಾಜಿನ ಬಾಟಲಿಗೆ ತುಂಬಿ ಬಿರಡೆ ಹಾಕುತ್ತಾರೆ. ಕತ್ತಲಲ್ಲಿ, 27 ಡಿಗ್ರಿಯಲ್ಲಿ, 3 ದಿನ ಇಡುತ್ತಾರೆ. ಮೊದಲ ದಿನ ಇದ್ದ ಆಮ್ಲಜನಕ ಎಷ್ಟು, ಕೊನೆಗೆ ಉಳಿದದ್ದು ಎಷ್ಟು ಅಂತ ನೋಡಿ ಲೆಕ್ಕ ಹಾಕುತ್ತಾರೆ. ಕತ್ತಲು ಯಾಕೆ ಅಂದರೆ, ಬೆಳಕಿದ್ದರೆ ಪಾಚಿ ಆಮ್ಲಜನಕ ತಯಾರಿಸಿ ಲೆಕ್ಕ ಕೆಡಿಸುತ್ತದೆ.

ಸ್ನಾನ ಮಾಡಬಹುದಾದ ನದಿಯಲ್ಲಿ ಬಿಒಡಿ 3ರ ಒಳಗಿರಬೇಕು. ಮನೆಗಳ ಕೊಳಚೆಯಲ್ಲಿ ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ಒಂದು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕದ ಲೆಕ್ಕ ಹಿಡಿದರೆ, ಒಂದು ಲೀಟರ್ ಕೊಳಚೆ ಸುಮಾರು 30 ಲೀಟರ್ ಒಳ್ಳೆಯ ನೀರಿನ ಆಮ್ಲಜನಕವನ್ನು ಪೂರ್ತಿ ನುಂಗಿಬಿಡಬಲ್ಲದು. ವೃಷಭಾವತಿಯ ಪಾಡು ಇಲ್ಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ 30 ಲೀಟರ್ ಒಳ್ಳೆಯ ನೀರು ಹಾಗಿರಲಿ, ಒಂದು ಲೀಟರೂ ಇಲ್ಲ. ಹರಿಯುತ್ತಿರುವುದೇ ಕೊಳಚೆ ಮತ್ತು ಶುದ್ಧೀಕರಿಸಿ ಬಿಟ್ಟ ಕೊಳಚೆ.

ಕೆಲವು ಕೈಗಾರಿಕೆಗಳ ನೀರಿನ ಮುಂದೆ ಈ 300 ಏನೂ ಅಲ್ಲ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ನೀರಿನ ಬಿಒಡಿ 40 ಸಾವಿರ ದಾಟುವುದುಂಟು. ಕಾಫಿ ಕೊಯ್ಲಿನ ಕಾಲದಲ್ಲಿ ಕೊಡಗು, ಚಿಕ್ಕಮಗಳೂರಿನಲ್ಲಿ ಹಣ್ಣು ಪಲ್ಪಿಂಗ್ ಮಾಡಿದ ನೀರೂ ಸಾವಿರಗಳ ಲೆಕ್ಕದ್ದೇ. ಸಿಹಿಯಾದ, ವಿಷವಿಲ್ಲದ, ಹಣ್ಣಿನ ಲೋಳೆ ಅದು. ಆದರೂ ಸಣ್ಣ ತೊರೆಗೆ ಬಿಟ್ಟರೆ ಅದರ ಉಸಿರು ನಿಲ್ಲಿಸುತ್ತದೆ.

ಆಮ್ಲಜನಕ ಮುಗಿದ ಮೇಲೆ ಏನಾಗುತ್ತದೆ? ಕೊಳೆಯುವುದು ನಿಲ್ಲುವುದಿಲ್ಲ, ಕೊಳೆಯುವ ರೀತಿ ಬದಲಾಗುತ್ತದೆ. ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ ಎರಡು ದಿನ ಮರೆತುಬಿಟ್ಟರೆ ಬಚ್ಚಲಿಗೆ ಕಾಲಿಡೋಕಾಗದ ವಾಸನೆ ಬರುತ್ತದಲ್ವಾ, ಹಾಗೇ ಇದು. ಗಾಳಿ ಬೇಡದ ಇನ್ನೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಅವು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾಡುತ್ತವೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಮೂಗು ಮುಚ್ಚಿಸುವ ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಅದೇ ಅನಿಲ ಕೆಸರಿನಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಕೊಡುತ್ತದೆ. ಇಂಥ ಕಾಲುವೆಯ ದಡದ ಮನೆಗಳಲ್ಲಿ ಬೆಳ್ಳಿ ದೀಪ, ಕಾಲ್ಗೆಜ್ಜೆ ಬೇಗ ಕಪ್ಪಾಗುವುದಕ್ಕೂ ಇದೇ ಕಾರಣ. ಜೊತೆಗೆ ಮೀಥೇನ್ ಕೂಡ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಬೆಳ್ಳಂದೂರು ಕೆರೆಗೆ ಮತ್ತೆ ಮತ್ತೆ ಬೆಂಕಿ ಬಿದ್ದದ್ದು, 2018ರ ಜನವರಿಯಲ್ಲಿ ಸೈನಿಕರು ಬಂದು ಆರಿಸಬೇಕಾಗಿ ಬಂದದ್ದು ನೆನಪಿರಬಹುದು. ಒಣಗಿದ ಗಿಡಗಂಟಿ, ಎಣ್ಣೆ, ಮೀಥೇನ್ ಮೂರೂ ಇದ್ದ ಕಡೆ ಒಂದು ಕಿಡಿ ಸಾಕು.

ಗೊಬ್ಬರವಾಗುವ ಕೊಳಕು

ಮೂತ್ರದಲ್ಲಿ ಸಾರಜನಕ ಇದೆ. ಮಲದಲ್ಲಿ, ಕೆಲವು ಸೋಪಿನ ಪುಡಿಗಳಲ್ಲಿ ರಂಜಕ ಇದೆ. ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿಯಲ್ಲಿ ಇರುವುದೂ ಇವೇ. ಹಾಗಾಗಿ ಕೊಳಚೆ ಸೇರಿದ ಕೆರೆ ಅಂದರೆ ಗೊಬ್ಬರ ಹಾಕಿದ ಕೆರೆ. ಅಂತರಗಂಗೆ ಹುಚ್ಚೆದ್ದು ಬೆಳೆಯುತ್ತದೆ. ಬೈರಮಂಗಲ ಕೆರೆಯನ್ನು ದೂರದಿಂದ ನೋಡಿದರೆ ಹಸಿರು ಗದ್ದೆಯೇನೋ ಅನ್ನಿಸುವುದು ಇದರಿಂದಲೇ. ಮೇಲೆ ಹಸಿರು ಮುಚ್ಚಿದರೆ ಬಿಸಿಲು ಕೆಳಗೆ ಇಳಿಯಲ್ಲ, ಗಾಳಿಯೂ ತಾಗಲ್ಲ. ಗಿಡ ಸತ್ತು ಕೊಳೆತಾಗ ಮತ್ತೆ ಬಿಒಡಿ ಏರುತ್ತದೆ. ಸೊಳ್ಳೆಗಂತೂ ಹಬ್ಬ.

ಅಂತರಗಂಗೆ ಇಲ್ಲದ ಕಡೆ ನೀರೇ ಹಸಿರಾಗುತ್ತದೆ, ಅದು ಪಾಚಿ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ. ಕೆರೆಗಳಲ್ಲಿ ಮೀನು ರಾಶಿ ರಾಶಿ ಸತ್ತ ಸುದ್ದಿ ಯಾವಾಗಲೂ ಬೆಳಿಗ್ಗೆ ವಾಕಿಂಗ್ ಹೋದವರಿಂದ ಬರುವುದಕ್ಕೆ ಇದೂ ಒಂದು ಕಾರಣ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡಕ್ಕೆ ಸತ್ತ ಮೀನು ತೇಲಿಬಂದಾಗಲೂ ಆಮ್ಲಜನಕದ ಕೊರತೆಯ ಮಾತೇ ಕೇಳಿಬಂತು. ಮಧ್ಯಾಹ್ನ 2 ಗಂಟೆಗೆ ಅದೇ ಥರದ ಕೆರೆಯ ನೀರು ತಂದು ಅಳೆದರೆ ‘ಆಮ್ಲಜನಕ ಚೆನ್ನಾಗಿದೆ’ ಅಂತ ವರದಿ ಬರಬಹುದು. ಅಳತೆ ಸರಿ ಇದ್ದರೂ ಹೊತ್ತು ತಪ್ಪಿರುತ್ತದೆ.

ನೊರೆ ಮಳೆ ಬಂದಾಗಲೇ ಯಾಕೆ?

ಸೋಪು, ಶಾಂಪೂ, ಬಟ್ಟೆಪುಡಿಯಲ್ಲಿ ಜಿಡ್ಡನ್ನು ಬಿಡಿಸುವ ರಾಸಾಯನಿಕ ಇರುತ್ತದೆ. ನೊರೆ ಬರುವುದು ಅದರಿಂದ. ಹಾಗಿದ್ದರೆ ಮಳೆ ಬಂದು ನೀರು ಜಾಸ್ತಿಯಾದಾಗ ಅದು ತೆಳುವಾಗಿ ನೊರೆ ಕಡಿಮೆ ಆಗಬೇಕಿತ್ತಲ್ಲ? ಬೆಳ್ಳಂದೂರಿನ ನೊರೆಯ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೊಳಚೆ ಕೆರೆಯೊಳಗೆ ನಿಧಾನಕ್ಕೆ ಸಾಗುವಾಗ ಆ ರಾಸಾಯನಿಕ ಕೆಸರಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ಗಾಳಿ ಇಲ್ಲದ ತಳದಲ್ಲಿ ಅದು ಕೊಳೆಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸೇರುತ್ತಾ, ಬರುವ ನೀರಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿ ಅಲ್ಲಿ ಕೂಡಿಕೊಳ್ಳುತ್ತದೆ. ಜೋರು ಮಳೆ ಬಂದರೆ ಪ್ರವಾಹ ತಳವನ್ನು ಕಲಕುತ್ತದೆ, ಕೂತಿದ್ದದ್ದೆಲ್ಲ ಮೇಲೆದ್ದು ನೀರಿಗೆ ಬರುತ್ತದೆ. ಕೋಡಿಯಿಂದ ನೀರು ಎತ್ತರದಿಂದ ಬೀಳುವಾಗ ಗಾಳಿ ಸಿಕ್ಕಿಕೊಂಡು ನೊರೆಯೇಳುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ಗುಳ್ಳೆ ಬೇಗ ಒಡೆಯದಂತೆ ಹಿಡಿದಿಡುತ್ತವೆ.

ವೃಷಭಾವತಿಯ ನೊರೆಗೂ ಇದೇ ತರ್ಕ ಅನ್ವಯಿಸುತ್ತದೆ. ಇವತ್ತಿನ ವಿಡಿಯೊದಲ್ಲಿ ಕಾಣುವ ನೊರೆ ಇವತ್ತೇ ಬಿಟ್ಟ ಸೋಪಿನದ್ದು ಆಗಿರಬೇಕಿಲ್ಲ. ತಳದಲ್ಲಿ ಕೂತದ್ದು ಎದ್ದು ಬರುತ್ತದೆ ಅನ್ನುವ ಈ ಮಾತನ್ನು ಮರೀಬೇಡಿ, ಲೋಹದ ವಿಷಯಕ್ಕೆ ಇದು ಇನ್ನೂ ಮುಖ್ಯ.

ಕೊಳೆಯದ ಕೊಳಕು

ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಕೆಲಸ ಪ್ಲೇಟಿಂಗ್. ಕಬ್ಬಿಣದ ಬೋಲ್ಟು, ಬೈಕಿನ ಭಾಗ, ನಲ್ಲಿಯ ತಿರುಗಣೆ, ಇವುಗಳ ಮೇಲೆ ಜಿಂಕ್, ನಿಕ್ಕಲ್, ಕ್ರೋಮ್‌ನ ತೆಳು ಪದರ ಕೂರಿಸುವುದು. ಸಾಲಾಗಿ ತೊಟ್ಟಿಗಳು. ಒಂದರಲ್ಲಿ ಜಿಡ್ಡು ತೆಗೆಯುವ ಕ್ಷಾರ, ಒಂದರಲ್ಲಿ ತುಕ್ಕು ತೆಗೆಯುವ ಆಸಿಡ್, ಆಮೇಲೆ ಕರೆಂಟ್ ಹಾಯಿಸುವ ಲೋಹದ ದ್ರಾವಣ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ನೀರಿನಲ್ಲಿ ಅದ್ದಿ ತೊಳೆಯಬೇಕು. ಎತ್ತುವಾಗ ವಸ್ತುವಿನಿಂದ ತೊಟ್ಟಿಕ್ಕುವ ದ್ರಾವಣ ಆ ತೊಳೆಯುವ ನೀರಿಗೆ ಇಳಿಯುತ್ತದೆ. ತಲೆನೋವು ಇರುವುದು ಈ ತೊಳೆದ ನೀರಿನಲ್ಲಿ. ಎತ್ತಿದ ವಸ್ತುವನ್ನು ತೊಟ್ಟಿಯ ಮೇಲೆ ಇನ್ನಷ್ಟು ಹೊತ್ತು ಹಿಡಿದು ಸೋರಲು ಬಿಟ್ಟರೂ ಲೋಹ ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ಪೀಸಿನ ಲೆಕ್ಕದಲ್ಲಿ ಕೆಲಸ ನಡೆಯುವ ಕಡೆ ಅಷ್ಟು ತಾಳ್ಮೆ ಯಾರಿಗಿರುತ್ತೆ!

ಕ್ರೋಮ್ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ, ಅದರಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಭಾಗಿಸಿ ನೋಡಿ: ಆ ತೊಟ್ಟಿಯ ಒಂದೇ ಒಂದು ಲೀಟರ್ ಸೋರಿದರೆ 26 ಲಕ್ಷ ಲೀಟರ್ ನೀರನ್ನು ಕುಡಿಯುವ ಮಿತಿಗೆ ತಂದು ನಿಲ್ಲಿಸುತ್ತದೆ. ಅಂದರೆ 12 ಸಾವಿರ ಲೀಟರಿನ 200ಕ್ಕೂ ಹೆಚ್ಚು ಟ್ಯಾಂಕರು.

ಕ್ರೋಮಿಯಂನಲ್ಲೂ ಎರಡು ರೂಪ. ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿಗೆ ಹಳದಿ ಬಣ್ಣ ಕೊಡುತ್ತದೆ, ಮಣ್ಣಿಗೆ ಅಷ್ಟಾಗಿ ಅಂಟದೆ ಅಂತರ್ಜಲದ ಜೊತೆ ದೂರ ಸಾಗುತ್ತದೆ. ಚರ್ಮದ ಮೇಲೆ ಹುಣ್ಣು ಮಾಡುತ್ತದೆ, ಅದರ ಹಬೆ, ದೂಳು ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಮೂರು ವೇಲೆನ್ಸಿಯದ್ದು ಇಷ್ಟು ಅಪಾಯದ್ದಲ್ಲ, ಮಣ್ಣಿಗೆ ಅಂಟಿ ಕೂರುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದದ್ದು ಹಳೆಯ ಸಂಗತಿ. ಸೀಸ, ಕ್ಯಾಡ್ಮಿಯಂ ಇನ್ನೂ ಕಡಿಮೆ ಪ್ರಮಾಣದಲ್ಲೇ ಕೆಟ್ಟವು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಡ್ಡಿ, ಕ್ಯಾಡ್ಮಿಯಂ ವರ್ಷಗಟ್ಟಲೆ ಕೂಡಿಕೊಂಡು ಮೂತ್ರಪಿಂಡ, ಮೂಳೆ ಕೆಡಿಸುತ್ತದೆ.

ಯಾವ ಸೂಕ್ಷ್ಮಜೀವಿಯೂ ಲೋಹವನ್ನು ತಿಂದು ಇಲ್ಲವಾಗಿಸುವುದಿಲ್ಲ. ಅದು ಜಾಗ ಬದಲಾಯಿಸಬಹುದು, ರೂಪ ಬದಲಾಯಿಸಬಹುದು, ಮಾಯವಾಗುವುದಿಲ್ಲ. ಹೆಚ್ಚಿನ ಲೋಹಗಳು ಜೇಡಿಗೆ, ಕೆಸರಿಗೆ ಅಂಟಿಕೊಂಡು ತಳ ಸೇರುತ್ತವೆ. ಮೇಲಿನ ನೀರಿನ ಮಾದರಿ ತೆಗೆದು ಅಳೆದರೆ ಮಿತಿಯೊಳಗೇ ಕಾಣಬಹುದು, ಹೂಳಿನಲ್ಲಿ ರಾಶಿ ಬಿದ್ದಿರಬಹುದು. ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ಹಿಂದಿನಿಂದ ಬಂದ ಪದ್ಧತಿ. ಒಳ್ಳೆಯ ಪದ್ಧತಿಯೂ ಹೌದು. ಕೈಗಾರಿಕೆಯ ನೀರು ಸೇರಿದ ಕೆರೆಯ ಗೋಡಾದರೆ ಮಾತ್ರ ಪರೀಕ್ಷೆ ಮಾಡಿಸದೆ ಹೊಡೆಯಬಾರದು, ಹೊಲಕ್ಕೆ ಹೋದ ಲೋಹವನ್ನು ವಾಪಸ್ ತೆಗೆಯೋದು ಹೆಚ್ಚುಕಡಿಮೆ ಆಗದ ಕೆಲಸ.

ಹಾಗಾದರೆ ಲೋಹ ತೆಗೆಯುವ ದಾರಿಯೇ ಇಲ್ಲವಾ? ಇದೆ, ಆದರೆ ಶೆಡ್ಡಿನ ಬಾಗಿಲಲ್ಲೇ ತೆಗೆಯಬೇಕು. ತೊಳೆದ ನೀರಿಗೆ ಮೊದಲು ಸೋಡಿಯಂ ಬೈಸಲ್ಫೈಟ್ ಥರದ್ದು ಹಾಕಿ ಆರರ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸುತ್ತಾರೆ. ಆಮೇಲೆ ಸುಣ್ಣ ಹಾಕಿದರೆ ಲೋಹ ಗಸಿಯಾಗಿ ತಳಕ್ಕೆ ಕೂರುತ್ತದೆ. ಗಸಿಯನ್ನು ಹಿಂಡಿ ಒಣಗಿಸಿ ಅಪಾಯಕಾರಿ ತ್ಯಾಜ್ಯ ಅಂತ ಲೆಕ್ಕ ಬರೆದು, ದಾಬಸ್‌ಪೇಟೆಯಲ್ಲಿರುವಂಥ ಭದ್ರ ಹೂಳುಗುಂಡಿಗೆ ಕಳಿಸಬೇಕು. ಇದನ್ನೇ ಇಟಿಪಿ ಅನ್ನುವುದು. ಸಣ್ಣ ಘಟಕಗಳಿಗೆ ಒಬ್ಬೊಬ್ಬರೇ ಕಟ್ಟಿಕೊಳ್ಳುವುದು ದುಬಾರಿ, ಅದಕ್ಕೇ ಹಲವರಿಗೆ ಸೇರಿ ಒಂದು ಸಾಮೂಹಿಕ ಘಟಕ, ಅಂದರೆ ಸಿಇಟಿಪಿ. ಅಲ್ಲಿಗೆ ನೀರು ಟ್ಯಾಂಕರಿನಲ್ಲಿ ಹೋಗಬೇಕು, ಅದಕ್ಕೆ ದುಡ್ಡು ಕೊಡಬೇಕು. ಪಕ್ಕದಲ್ಲೇ ಇರುವ ಮೋರಿ ಪುಕ್ಕಟೆ. ನಿಯಮ ಪಾಲಿಸುವವನ ಖರ್ಚು ಜಾಸ್ತಿ, ಪಾಲಿಸದವನ ರೇಟು ಕಡಿಮೆ. ತಂತ್ರಜ್ಞಾನ ಇದ್ದೂ ನದಿಗೆ ಲೋಹ ಬರುವುದರ ಹಿಂದೆ ಈ ಲೆಕ್ಕಾಚಾರವಿದೆ.

ಕಸದ ಗುಡ್ಡೆಯಿಂದ

ಕಸ ನದಿಗೆ ಬೀಳುವುದು ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ ಕಟ್ಟಿಕೊಂಡು ಕಾಲುವೆ ಉಕ್ಕುವುದೂ ಗೊತ್ತಿರುವುದೇ. ಕಾಣದ್ದು ಇನ್ನೊಂದಿದೆ. ಹಸಿ ಕಸ, ಒಣ ಕಸ, ಬ್ಯಾಟರಿ, ಬಣ್ಣದ ಡಬ್ಬ ಎಲ್ಲ ಒಟ್ಟಿಗೆ ಸುರಿದ ಗುಡ್ಡೆಯ ಮೇಲೆ ಮಳೆ ಬಿದ್ದರೆ, ಒಳಗಿಂದ ಕಪ್ಪಗಿನ ರಸ ಸೋರುತ್ತದೆ. ಕೊಳೆಯುವ ಕೊಳಕು, ಸಾರಜನಕ, ಲೋಹ ಮೂರೂ ಅದರಲ್ಲಿ ಒಟ್ಟಿಗೆ, ಅದೂ ದಟ್ಟವಾಗಿ ಇರುತ್ತವೆ. ಹೆಸರಘಟ್ಟ ಕಡೆಯ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ಸುರಿಯುವುದು 2012ರಲ್ಲಿ ಊರಿನವರ ಹೋರಾಟದಿಂದ ನಿಂತಿತು. ಸುರಿಯುವುದು ನಿಂತರೂ ಗುಡ್ಡೆಯಿಂದ ಸೋರುವುದು ಎಷ್ಟೋ ವರ್ಷ ಮುಂದುವರಿಯುತ್ತದೆ.

ಎಸ್‌ಟಿಪಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೊಳಚೆ ಶುದ್ಧೀಕರಣ ಘಟಕ ಅಂದರೆ ನದಿ ನಿಧಾನಕ್ಕೆ ಮಾಡುವ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮಾಡಿಸುವ ಜಾಗ. ಮೊದಲು ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತಾರೆ. ಮರಳು ಇಳಿಸುತ್ತಾರೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೊಳೆ ತಿನ್ನಿಸುತ್ತಾರೆ. ತಿಂದು ದಪ್ಪಗಾದ ಸೂಕ್ಷ್ಮಜೀವಿಗಳು ಗಸಿಯಾಗಿ ಇಳಿಯುತ್ತವೆ, ಮೇಲಿನ ತಿಳಿ ಹೊರಗೆ ಹೋಗುತ್ತದೆ. ಇದು ಎರಡನೇ ಹಂತದ ಶುದ್ಧೀಕರಣ. ಇದಾದ ಮೇಲೆ 250 ಇದ್ದ ಬಿಒಡಿ, ಘಟಕ ಸರಿಯಾಗಿ ನಡೆದರೆ 10ರಿಂದ 30ರ ಮಟ್ಟಕ್ಕೆ ಇಳಿಯುತ್ತದೆ. ಸಾರಜನಕ, ರಂಜಕ ಪೂರ್ತಿ ಹೋಗಬೇಕಾದರೆ ಅದಕ್ಕೆಂದೇ ಬೇರೆ ಹಂತ ಬೇಕು. ಮೂರನೇ ಹಂತದಲ್ಲಿ ಇನ್ನೂ ಸೋಸಿ, ರೋಗಾಣು ಕೊಲ್ಲುತ್ತಾರೆ.

ಲೋಹ ತೆಗೆಯೋದಕ್ಕೆ ಅಂತ ಈ ಘಟಕ ಕಟ್ಟಿದ್ದಲ್ಲ. ಸ್ವಲ್ಪ ಲೋಹ ಗಸಿಗೆ ಅಂಟಿ ಹೋಗುತ್ತದೆ ನಿಜ, ಆಗ ಗೊಬ್ಬರವಾಗಬಹುದಾಗಿದ್ದ ಗಸಿ ಕೆಡುತ್ತದೆ. ಜಾಸ್ತಿ ಬಂದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ, ಆಗ ಮಾಮೂಲಿ ಕೊಳಚೆಯೂ ಶುದ್ಧವಾಗದೆ ಹೊರಗೆ ಬರುತ್ತದೆ. ಮನೆಯ ಕೊಳಚೆ, ಕಾರ್ಖಾನೆಯ ನೀರು ಬೇರೆ ಬೇರೆ ಇರಲಿ ಅಂತ ಎಂಜಿನಿಯರುಗಳು ಹಟ ಹಿಡಿಯುವುದು ಇದಕ್ಕೇ.

ಕೋಲಾರದ ಉದಾಹರಣೆ ನಮ್ಮ ಮುಂದಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಲ್ಲಿ ಅಲ್ಲಿಗೆ ಹೋಗಲು ಶುರುವಾಯಿತು. ಕೆಲವೇ ವಾರಗಳಲ್ಲಿ, ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು. ವಿಷಯ ಹೈಕೋರ್ಟಿಗೆ ಹೋಗಿ ಕೆಲಕಾಲ ನೀರು ನಿಂತಿತು, ಆಮೇಲೆ ಮತ್ತೆ ಹರಿಯಿತು. ಬತ್ತಿದ್ದ ಕೆರೆಗಳು ತುಂಬಿ ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದನ್ನು ಅಲ್ಲಿನ ರೈತರೇ ಹೇಳುತ್ತಾರೆ. ಗುಣಮಟ್ಟದ ಬಗ್ಗೆ ವಾದ ಇನ್ನೂ ನಿಂತಿಲ್ಲ. ಎರಡೂ ಒಟ್ಟಿಗೆ ನಿಜವಾಗಿರೋಕೆ ಸಾಧ್ಯ, ಯಾಕಂದರೆ ಪ್ರಮಾಣ ಒಂದು ಪ್ರಶ್ನೆ, ಗುಣ ಇನ್ನೊಂದು.

ಬೈರಮಂಗಲದ ರೈತರ ಕಡೆಯಿಂದ

ಸ್ವಾತಂತ್ರ್ಯಕ್ಕೆ ಮುಂಚೆ ನೀರಾವರಿಗೆಂದು ಕಟ್ಟಿದ ಕೆರೆ ಇದು. ಹಿಂದೆ ಇಲ್ಲಿ ಭತ್ತ ಬೆಳೆಯುತ್ತಿದ್ದರು. ಸಾರಜನಕ ಅತಿಯಾದ ನೀರಿನಲ್ಲಿ ಭತ್ತ ಸೊಪ್ಪಿನ ಹಾಗೆ ಬೆಳೆದು ಕಾಳು ಕಟ್ಟದೆ ಮಲಗಿಬಿಡುತ್ತದೆ. ಹಾಗಾಗಿ ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲು, ತೆಂಗು ಬಂದವು. ಹುಲ್ಲು ಹಸುವಿಗೆ, ಹಾಲು ಬೆಂಗಳೂರಿಗೆ. ಗದ್ದೆಗೆ ಇಳಿದರೆ ಕೈಕಾಲು ಕೆರೆತ ಅನ್ನುವ ದೂರು ಇಲ್ಲಿ ಮಾಮೂಲು. ಹಾಗಂತ ನೀರೇ ಬೇಡ ಅಂತ ಎಲ್ಲರೂ ಹೇಳುವುದಿಲ್ಲ. ಮಳೆ ಬರಲಿ ಬಿಡಲಿ, ವರ್ಷವಿಡೀ ನೀರು ಇದೆ, ಗೊಬ್ಬರದ ಖರ್ಚು ಕಡಿಮೆ. ಬರ ಕಂಡ ರೈತನಿಗೆ ಇದು ಸಣ್ಣ ವಿಷಯ ಅಲ್ಲ. ಕೊಳಚೆಯಲ್ಲಿರುವ ಗೊಬ್ಬರದ ಅಂಶದಿಂದ ನಿಜಕ್ಕೂ ಲಾಭ ಇದೆ, ಅದರ ಜೊತೆ ಸದ್ದಿಲ್ಲದೆ ಬರುವ ಲೋಹದಿಂದ ನಷ್ಟ ಇದೆ. ಲಾಭ ಈ ಬೆಳೆಯಲ್ಲೇ ಕಾಣುತ್ತದೆ, ನಷ್ಟ ಕಾಣೋದಕ್ಕೆ ವರ್ಷಗಳು ಬೇಕು.

ನೀರಿನ ವರದಿ ಸಿಕ್ಕರೆ ಏನು ನೋಡಬೇಕು

1974ರ ಜಲ ಕಾಯ್ದೆಯ ಪ್ರಕಾರ ನೀರಿನ ಗುಣ ನೋಡಿಕೊಳ್ಳುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ನದಿ, ಕೆರೆಗಳಿಗೆ ಎ ಇಂದ ಇ ವರೆಗೆ ದರ್ಜೆ ಇದೆ. ಎ ಅಂದರೆ ರೋಗಾಣು ಕೊಂದರೆ ಸಾಕು, ಕುಡಿಯಬಹುದು. ಬಿ ಸ್ನಾನಕ್ಕೆ. ಸಿ ಅಂದರೆ ಪೂರ್ತಿ ಶುದ್ಧೀಕರಿಸಿ ಕುಡಿಯಬಹುದು. ಡಿ ಮೀನು, ಪ್ರಾಣಿಗಳಿಗೆ. ಇ ನೀರಾವರಿಗೆ, ಕಾರ್ಖಾನೆಯ ಬಳಕೆಗೆ.

ನಿಮ್ಮೂರ ಕೆರೆಯ ವರದಿಯಲ್ಲಿ ಬಿಒಡಿ, ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಮಾತ್ರ ಇದ್ದರೆ ಅದು ಕೊಳೆಯುವ ಕೊಳಕಿನ ಲೆಕ್ಕ ಅಷ್ಟೇ. ನೈಟ್ರೇಟ್, ಫಾಸ್ಫೇಟ್, ಅಂದರೆ ಸಾರಜನಕ, ರಂಜಕದ ಲೆಕ್ಕ ಇದೆಯಾ ನೋಡಿ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸಿನ ಹಾಲಿಗೆ ಆ ನೀರು ಬೆರೆಸಬಾರದು. ಕಾಯಿಸಿದರೂ ನೈಟ್ರೇಟ್ ಹೋಗಲ್ಲ. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಅಳೆದಿದ್ದಾರಾ, ಬರೀ ನೀರಿನಲ್ಲಿ ಅಳೆದಿದ್ದಾರಾ ಅಥವಾ ಹೂಳಿನಲ್ಲೂ ನೋಡಿದ್ದಾರಾ ಅನ್ನುವುದು ಮುಂದಿನದು.

ಮಾದರಿ ತೆಗೆದ ದಿನ, ಹೊತ್ತು ಕೂಡ ನೋಡಿ. ತಿಂಗಳಿಗೊಮ್ಮೆ ಹಗಲಿನಲ್ಲಿ ಒಂದು ಬಾಟಲಿ ತುಂಬಿದರೆ ರಾತ್ರಿ ಒಂದು ಗಂಟೆಗೆ ಯಾರೋ ಬಿಟ್ಟ ನೀರು ಅದರಲ್ಲಿ ಸಿಗುವುದಿಲ್ಲ. ಬೆಳಗಿನವರೆಗೆ ಅದು ಹರಿದು ಮುಂದೆ ಹೋಗಿರುತ್ತದೆ. 24 ಗಂಟೆ ಬಿಟ್ಟು ಬಿಟ್ಟು ತೆಗೆದು ಸೇರಿಸಿದ ಮಾದರಿಯಾದರೆ ಸ್ವಲ್ಪ ಸತ್ಯಕ್ಕೆ ಹತ್ತಿರ. ಈ ವಿವರ ಯಾವುದೂ ವರದಿಯಲ್ಲಿ ಇಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮಂಡಳಿಯನ್ನು ಕೇಳಬಹುದು. ಅರ್ಜಿಯಲ್ಲಿ ಸುಮ್ನೆ ‘ನೀರಿನ ಗುಣಮಟ್ಟದ ವರದಿ’ ಅಂತ ಬರೆದರೆ ಮತ್ತೆ ಅದೇ ಬಿಒಡಿ ಹಾಳೆ ಬರುವ ಸಾಧ್ಯತೆ ಜಾಸ್ತಿ. ಲೋಹಗಳ ಹೆಸರು, ಹೂಳಿನ ಪರೀಕ್ಷೆ, ಮಾದರಿ ತೆಗೆದ ಜಾಗ ಮತ್ತು ಹೊತ್ತು, ಇಷ್ಟನ್ನೂ ಬಿಡಿಬಿಡಿಯಾಗಿ ಬರೆದು ಕೇಳಿ.